ವಿಕ್ಕಾ ಶುರು ಮಾಡುವವರಿಗೆ: ಸಾಮಾನು ಆಮೇಲೆ, ಮೊದಲು ಹುಣ್ಣಿಮೆ

ಮುಂಬೈಯ ನಮ್ಮ ಹುಡುಗಿಯರು ಸುಮಾರು ಜನ ವಿಕ್ಕಾ ಬಗ್ಗೆ ಕೇಳುತ್ತಿದ್ದೀರಿ. ವಿಕ್ಕಾ ಅಂದರೆ ಪ್ರಕೃತಿಯನ್ನು ಪೂಜಿಸುವ, ಮಾಟ-ಮಂತ್ರವೂ ಸೇರಿದ ಒಂದು ಆಧುನಿಕ ಧರ್ಮ. ಹರಳು, ಚಾಕು, ಬಟ್ಟಲು ಅಂತ ಸುಮ್ನೆ ದುಡ್ಡು ಸುರಿಯಬೇಡಿ. ಒಂದು ನೋಟ್‌ಬುಕ್ ಸಾಕು. ಹುಣ್ಣಿಮೆ ಯಾವತ್ತು ಅಂತ ಮನೆಯ ಕ್ಯಾಲೆಂಡರಿನಲ್ಲೇ ಇದೆ ಅಲ್ವಾ? ಆ ರಾತ್ರಿ ಹತ್ತು ನಿಮಿಷ ಕೂತು, ಏನು ಬೇಕು, ಏನು ಬಿಡಬೇಕು ಅಂತ ಬರೆಯಿರಿ. ಅದೇ ಮುಂದೆ ನಿಮ್ಮ 'ಬುಕ್ ಆಫ್ ಶಾಡೋಸ್', ಅಂದರೆ ವಿಕ್ಕಾದವರು ತಮ್ಮ ಆಚರಣೆಗಳನ್ನು ಬರೆದಿಡುವ ಸ್ವಂತ ಪುಸ್ತಕ, ಆಗುತ್ತದೆ.

ವಿಕ್ಕಾ ಸಾವಿರಾರು ವರ್ಷ ಹಳೆಯದು ಅನ್ನುವವರನ್ನು ನಂಬಬೇಡಿ. ಇಂಗ್ಲೆಂಡಿನಲ್ಲಿ 1951ರಲ್ಲಿ ಮಾಟದ ವಿರುದ್ಧದ ಹಳೆಯ ಕಾನೂನು ರದ್ದಾದ ಮೇಲೆ ಜೆರಾಲ್ಡ್ ಗಾರ್ಡ್ನರ್ ಇದನ್ನು ಜನರ ಮುಂದಿಟ್ಟರು. ಹೊಸದಾದರೆ ಏನಂತೆ? ಯಾರಿಗೂ ಕೇಡು ಮಾಡದೆ ನಿನ್ನಿಷ್ಟದಂತೆ ನಡೆ ಎಂಬ ಅದರ ನೀತಿ ನನಗೆ ತುಂಬಾ ಇಷ್ಟ.

ವಿಕ್ಕಾದ ವರ್ಷದ ಎಂಟು ಹಬ್ಬಗಳು ಇಂಗ್ಲೆಂಡಿನ ಹವೆಗೆ ಹೊಂದಿದವು. ಅಕ್ಟೋಬರ್ 31ರ ಸೌವಿನ್ (Samhain) ಹಬ್ಬ ಅವರಿಗೆ ಚಳಿಗಾಲದ ಆರಂಭ, ನಮಗಿಲ್ಲಿ ಬೆವರು. ತಾರೀಖು ಇಟ್ಟುಕೊಳ್ಳಿ, ಜೊತೆಗೆ ಜೂನ್‌ನ ಮೊದಲ ಮಳೆಯನ್ನೂ ಬರೆದಿಡಿ.

ಮೇಣದಬತ್ತಿ ಹಚ್ಚುವಾಗ ಫ್ಯಾನ್ ಆರಿಸಿ, ಪರದೆಯಿಂದ ದೂರ, ಗಾಜಿನ ಲೋಟದೊಳಗೆ ಇಡಿ. ಹೊಗೆ ಹಾಕಲು ಸೇಜ್ ಅನ್ನುವ ಗಿಡದ ಎಲೆ ತರಿಸುವ ಬದಲು ಸ್ವಲ್ಪ ಸಾಂಬ್ರಾಣಿ ಹಾಕಿ. ಹೂವು, ತುಳಸಿ ಮಾಟುಂಗಾ ಮಾರ್ಕೆಟ್‌ನಲ್ಲೇ ಸಿಗುತ್ತವೆ.

ಒಂದು ಮಾತು ಜಾಸ್ತಿ ಗಟ್ಟಿಯಾಗಿ ಹೇಳುತ್ತೇನೆ. ದೆವ್ವ ಬಿಡಿಸುತ್ತೇನೆ, ಕಾಯಿಲೆ ವಾಸಿ ಮಾಡುತ್ತೇನೆ ಅಂತ ದುಡ್ಡು ಕೇಳುವವರಿಂದ ದೂರವಿರಿ. ಅಂಥ ವಂಚನೆಯ ವಿರುದ್ಧ ಮಹಾರಾಷ್ಟ್ರದಲ್ಲಿ 2013ರಿಂದ ಕಾನೂನು ಇದೆ. ಪೊಲೀಸ್ ಠಾಣೆಗೆ ದೂರು ಕೊಡಬಹುದು.