ಹಳೇ ಕಾಫಿ ಮಿಷನ್ನಿಗೆ ಬಣ್ಣ ಬಳಿದು ಕೆಡಿಸಬೇಡಿ

ಹೋದ ವಾರ ತಂಗಿಯ ಮೊಮ್ಮಗ ಗುಜರಿ ಅಂಗಡಿಯಿಂದ ಕಾಫಿಬೀಜ ಪುಡಿ ಮಾಡುವ ಹಳೇ ಮಿಷನ್ನು ತಂದು ತೋರಿಸಿದ. ಬೀಡು ಕಬ್ಬಿಣದ್ದು, ಮೇಜಿನ ಅಂಚಿಗೆ ತಿರುಪು ಹಾಕಿ ಕೂರಿಸುವಂಥದ್ದು. ಖುಷಿಯಿಂದ ಕೈಗೆ ತಗೊಂಡರೆ ಮೈತುಂಬಾ ಹೊಸ ಕಪ್ಪು ಬಣ್ಣ, ಫಳಫಳ! ಉಪ್ಪುಕಾಗದದಲ್ಲಿ ಉಜ್ಜಿ ಸ್ಪ್ರೇ ಹೊಡೆದನಂತೆ. 'ಈಗ ಇದಕ್ಕೆ ಡಬಲ್ ರೇಟು ಅಲ್ವಾ ಅಜ್ಜಿ?' ಅಂತ ಬೇರೆ. ಡಬಲ್ಲೂ ಇಲ್ಲ, ಗಿಬಲ್ಲೂ ಇಲ್ಲ ಕಣೋ. ಹಳೇ ಬಣ್ಣ, ಅದರ ಮೇಲಿನ ಚಿನ್ನದ ಗೆರೆ ಮಾಸಿದ್ದರೂ ಉಳಿದಿರಬೇಕು. ಸಂಗ್ರಹಿಸುವವರು ಕಾಸು ಬಿಚ್ಚುವುದು ಅದಕ್ಕೇ. ಹಳೇ ಬಣ್ಣದಲ್ಲಿ ಸೀಸ ಇರಬಹುದು, ಆ ಧೂಳನ್ನೂ ಕುಡಿದು ಕೂತಿದ್ದಾನೆ ಪುಣ್ಯಾತ್ಮ.

ನಾನು ಮದುವೆಯಾಗಿ ಮೈಸೂರಿಗೆ ಬಂದಾಗ ಅತ್ತೆಯ ಅಡುಗೆಮನೆಯಲ್ಲಿ ಲಂಡನ್ನಿನ ಸ್ಪಾಂಗ್ ಕಂಪನಿಯ ಮಿಷನ್ನು ಇತ್ತು. 1856ರಲ್ಲಿ ಶುರುವಾದ ಕಂಪನಿ ಅದು. ಪೀಬರಿ, ಪ್ಲಾಂಟೇಶನ್ ಎ ಅನ್ನುವ ಕಾಫಿಬೀಜ ಹುರಿದು ಆರಿಸಿ, ಬೆಳಗ್ಗೆ ಬೇಕಾದಷ್ಟೇ ಬೀಸುವುದು. ಆ ಗರಗರ ಸದ್ದಿಗೇ ಮನೆಯೆಲ್ಲ ಏಳುತ್ತಿತ್ತು. ಅದರ ಮೇಲಿರುವ 1, 2, 3 ಅನ್ನುವ ನಂಬರು ಅಳತೆಯದ್ದು, ವಯಸ್ಸಿನದ್ದಲ್ಲ. ಅಮೆರಿಕದಲ್ಲಿರುವ ನನ್ನ ಅಕ್ಕನ ಮಗನೂ ಹೀಗೇ ಎಡವಿದ. ಫಿಲಡೆಲ್ಫಿಯಾದ ಎಂಟರ್‌ಪ್ರೈಸ್ ಕಂಪನಿಯ ಎರಡು ಚಕ್ರದ ಮಿಷನ್ನಿನ ಫೋಟೋ ಕಳಿಸಿ, '1873ನೇ ಇಸವಿದು ಚಿಕ್ಕಮ್ಮ' ಅಂದ. ಅದು ಪೇಟೆಂಟ್ ಸಿಕ್ಕ ವರ್ಷ ಮಾರಾಯ, ಅದೇ ತಾರೀಖು ಹಾಕಿ ಆಮೇಲೂ ಎಷ್ಟೋ ವರ್ಷ ಮಾಡಿದ್ದಾರೆ. ಸ್ಕ್ರೂ ನೋಡು ಅಂದೆ. ಪ್ಲಸ್ ಗುರುತಿನ ಸ್ಕ್ರೂ ಬಂದದ್ದು 1930ರ ದಶಕದಲ್ಲಿ. ನೂರೈವತ್ತು ವರ್ಷದ್ದು ಅನ್ನುವ ಮಿಷನ್ನಿನಲ್ಲಿ ಅದಿದ್ದರೆ ಯಾರೋ ಬದಲಾಯಿಸಿದ್ದಾರೆ, ಇಲ್ಲವೇ ಮಾಲೇ ನಕಲಿ.

ಎಲ್ಲಕ್ಕಿಂತ ಮೊದಲು ಬಿರುಕು ಹುಡುಕಿ. ಬೀಡು ಬಗ್ಗುವುದಿಲ್ಲ, ಸೀಳುತ್ತದೆ. ತಿರುಪನ್ನು ಜಾಸ್ತಿ ಬಿಗಿದು ಬಿಗಿದು ಕಾಲಿನ ಹತ್ತಿರವೇ ಸೀಳಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ನಮ್ಮ ಮಾವನವರು ರೈಲ್ವೆ ವರ್ಕ್‌ಶಾಪಿನಲ್ಲಿದ್ದರು, ಉಪಾಯ ಅವರದ್ದು. ಹಿಡಿ, ತಿರುಪು, ಒಳಗೆ ಬೀಜ ಅರೆಯುವ ಹಲ್ಲುಬಿಲ್ಲೆ ಎಲ್ಲ ಬಿಚ್ಚಿಡಿ. ಬರಿ ಮೈಯನ್ನು ಹಿತ್ತಲಿಗೆ ಒಯ್ಯಿರಿ, ಒಲೆಯ ಹತ್ತಿರ ಬೇಡವೇ ಬೇಡ. ಬಟ್ಟೆ ತುದಿಗೆ ಸೀಮೆಎಣ್ಣೆ ಅದ್ದಿ ಹೊರಮೈಗೆ ಮಾತ್ರ ಸವರಿ. ತಿಳಿಸಾರು ಒಂದು ಕುದಿ ಬರುವಷ್ಟು ಹೊತ್ತು ಬಿಡಿ. ಆಮೇಲೆ ಒಣ ಬಟ್ಟೆಯಲ್ಲಿ ಒರೆಸಿ. ಒರೆಸಿ ಅಂದರೆ ನಿಮ್ಮ ಹಾಗೆ ತೋರಿಕೆಗೆ ಒರೆಸುವುದಲ್ಲ, ಮೂರು ಸಲ ಬಟ್ಟೆ ಬದಲಾಯಿಸಿ, ಬೆರಳಿಗೆ ಜಿಡ್ಡು ಹತ್ತದ ಹಾಗೆ. ಸೀಮೆಸುಣ್ಣವನ್ನು ನುಣ್ಣಗೆ ಪುಡಿ ಮಾಡಿ, ತೆಳುಬಟ್ಟೆಯಲ್ಲಿ ಗಂಟು ಕಟ್ಟಿ, ಮಗುವಿಗೆ ಪೌಡರ್ ಹಾಕಿದಂತೆ ಮೆತ್ತಗೆ ತಟ್ಟಿ. ಈಗ ಹೋಗಿ ಕಾಫಿ ಕುಡಿದು ಬನ್ನಿ. ಬಿರುಕಿದ್ದರೆ ಒಳಗೆ ಇಳಿದಿದ್ದ ಎಣ್ಣೆ ಮೇಲೆ ಬಂದು, ಬಿಳಿ ಪುಡಿಯಲ್ಲಿ ಕೂದಲೆಳೆಯಂಥ ಒದ್ದೆ ಗೆರೆ ಮೂಡಿರುತ್ತದೆ. ಹೀಗೆ ನೋಡದೆ ನಾನು ಒಂದೇ ಒಂದು ಮಿಷನ್ನು ಕೊಂಡೆ. ಮೊದಲ ದಿನವೇ ಅದರ ಕಾಲು ಮುರಿದು ನನ್ನ ಪಾದದ ಮೇಲೆ ಬಿತ್ತು.

ಬಿಲ್ಲೆ ಎರಡೂ ಜೋಡಿಯಾಗಿರಲಿ. ಒಂದು ಕಳೆದರೆ ಅದು ಶೋಕೇಸಿನ ಬೊಂಬೆ. ನೀರಲ್ಲಿ ತೊಳೆಯಬೇಡಿ, ರಾತ್ರಿ ಕಳೆಯುವುದರಲ್ಲಿ ತುಕ್ಕು. ಒಂದು ಹಿಡಿ ಒಣ ಅಕ್ಕಿ ಬೀಸಿ ಚೆಲ್ಲಿದರೆ ಹಳೇ ಜಿಡ್ಡು ಬಿಡುತ್ತದೆ. ಹೊಲಿಗೆ ಮಿಷನ್ನಿನ ಎಣ್ಣೆ ಹಿಡಿಯ ಬುಡಕ್ಕೆ ಒಂದು ತೊಟ್ಟು ಸಾಕು, ಪುಡಿ ಬೀಳುವ ಕಡೆ ಸೋಕಬಾರದು. ಅಂದ ಹಾಗೆ, ನಿಮ್ಮ ಸ್ಟೀಲ್ ಫಿಲ್ಟರಿನ ತೂತು ಕಟ್ಟಿದೆ ಅಂತ ಪಿನ್ನು ಚುಚ್ಚುತ್ತೀರಲ್ಲ, ಅದನ್ನೂ ಬಿಡಿ. ಮೇಲಿನ ಬಟ್ಟಲನ್ನು ಇಕ್ಕಳದಲ್ಲಿ ಹಿಡಿದು ಉರಿಗೆ ತೋರಿಸಿ, ಒಳಗಿನ ಗಸಿ ಸುಟ್ಟು ಉದುರುತ್ತದೆ.

ಹುಡುಗ ಇನ್ನೊಂದು ಮಿಷನ್ನು ನೋಡಿಟ್ಟಿದ್ದಾನಂತೆ. ಸ್ಪ್ರೇ ಡಬ್ಬಿಯನ್ನು ನನ್ನ ಬೀರುವಿನಲ್ಲಿಟ್ಟು ಬೀಗ ಹಾಕಿದ್ದೇನೆ.