ನೆಕ್ಸ್ಟ್‌ಕ್ಲೌಡ್ ಪರೀಕ್ಷಿಸುವವರಿಗೆ
ಫೋಟೊ, ದಾಖಲೆಗಳನ್ನು ನಮ್ಮದೇ ಸರ್ವರ್‌ನಲ್ಲಿ ಇಟ್ಟುಕೊಳ್ಳಬೇಕು ಅನ್ನುವವರು ನೆಕ್ಸ್ಟ್‌ಕ್ಲೌಡ್ ಒಮ್ಮೆ ಹಾಕಿ ನೋಡಿ. 2016ರಲ್ಲಿ ಓನ್‌ಕ್ಲೌಡ್ ಎಂಬ ಇಂಥದೇ ತಂತ್ರಾಂಶದಿಂದ ಕವಲೊಡೆದ ಮುಕ್ತ ತಂತ್ರಾಂಶ ಇದು. ಹಳೇ ಲ್ಯಾಪ್‌ಟಾಪ್‌ನಲ್ಲಿ ಲಿನಕ್ಸ್, ಡಾಕರ್ (ತಂತ್ರಾಂಶವನ್ನು ಪ್ರತ್ಯೇಕ ಡಬ್ಬಿಯಲ್ಲಿಟ್ಟಂತೆ ಓಡಿಸುವ ಸಾಧನ) ಇದ್ದರೆ ಪರೀಕ್ಷೆಗೆ ಸಾಕು.

ಹೆಚ್ಚಿನವರು ಎಡವುವುದು ಒಂದೇ ಕಡೆ. ಮೊದಲ ಸಲ ಬ್ರೌಸರ್‌ನಲ್ಲಿ ಲೋಕಲ್‌ಹೋಸ್ಟ್ (ಅಂದರೆ ಇದೇ ಕಂಪ್ಯೂಟರ್) ಅಂತ ತೆರೆದು ಇನ್‌ಸ್ಟಾಲ್ ಮುಗಿಸುತ್ತಾರೆ. ಆಮೇಲೆ ಫೋನಿನಿಂದ ಮನೆಯ ನೆಟ್‌ವರ್ಕ್‌ನಲ್ಲಿ ಆ ಲ್ಯಾಪ್‌ಟಾಪ್‌ಗಿರುವ, 192.168ರಿಂದ ಶುರುವಾಗುವ ಐಪಿ ವಿಳಾಸ ಹಾಕಿದರೆ, ಇದು ನಂಬಿಕೆಯ ಡೊಮೇನ್ ಅಲ್ಲ ಅಂತ ಬಾಗಿಲು ಮುಚ್ಚುತ್ತದೆ. ಆದ್ದರಿಂದ ಶುರುವಿನಲ್ಲೇ ಆ ಐಪಿ ವಿಳಾಸದಿಂದಲೇ ತೆರೆದು ಇನ್‌ಸ್ಟಾಲ್ ಮಾಡಿ. ಈಗಾಗಲೇ ಮುಗಿಸಿದ್ದರೆ ಕಾನ್ಫಿಗ್ ಫೈಲ್‌ನ ಟ್ರಸ್ಟೆಡ್ ಡೊಮೇನ್ಸ್ ಪಟ್ಟಿಗೆ ಆ ವಿಳಾಸ ಸೇರಿಸಿದರೆ ಆಯ್ತು. ರೌಟರ್‌ನಲ್ಲಿ ಐಪಿ ಬದಲಾಗದಂತೆ ಕಾಯ್ದಿರಿಸುವುದೂ ಒಳ್ಳೆಯದು.

ಡೇಟಾಬೇಸ್ ಆಗಿ ಪರೀಕ್ಷೆಗೆ ಎಸ್‌ಕ್ಯೂಲೈಟ್ ಸಾಕು. ಮನೆಮಂದಿಯೆಲ್ಲ ಬಳಸುವುದಾದರೆ ಮರಿಯಾಡಿಬಿ ಅಥವಾ ಪೋಸ್ಟ್‌ಗ್ರೆಸ್.

ದಯವಿಟ್ಟು ಗಮನಿಸಿ, ಸಿಂಕ್ (ಎಲ್ಲ ಕಡೆ ಫೈಲ್‌ಗಳನ್ನು ಒಂದೇ ತರ ಇಡುವುದು) ಅಂದರೆ ಬ್ಯಾಕಪ್ ಅಲ್ಲ. ಲ್ಯಾಪ್‌ಟಾಪ್‌ನಲ್ಲಿ ಸಿಂಕ್ ಆಗುತ್ತಿರುವ ಫೋಲ್ಡರ್ ಅಳಿಸಿದರೆ ಸರ್ವರ್‌ನಲ್ಲೂ, ಉಳಿದ ಕಂಪ್ಯೂಟರ್‌ಗಳಲ್ಲೂ ಅಳಿಯುತ್ತದೆ. ಕಸದಬುಟ್ಟಿಯಲ್ಲಿ ಸಿಗಬಹುದು, ಆದರೆ ಅದನ್ನೇ ನೆಚ್ಚಿಕೊಳ್ಳಬೇಡಿ. ಬೇರೆ ಹಾರ್ಡ್ ಡಿಸ್ಕ್‌ನಲ್ಲಿ ಇನ್ನೊಂದು ಪ್ರತಿ ಇರಲಿ.

ಎರಡು ಕಂಪ್ಯೂಟರ್ ನಡುವೆ ಫೋಲ್ಡರ್ ಸಿಂಕ್ ಮಾಡುವುದಷ್ಟೇ ಬೇಕಿದ್ದರೆ ಇಷ್ಟೆಲ್ಲ ಬೇಡ, ಸಿಂಕ್‌ಥಿಂಗ್ ಎಂಬ ತಂತ್ರಾಂಶ ಹಾಕಿಕೊಳ್ಳಿ. ಅದಕ್ಕೆ ಪ್ರತ್ಯೇಕ ಸರ್ವರ್ರೇ ಬೇಕಿಲ್ಲ.