8 ಅಡಿ ಸೂರಿನ ಕೆಳಗೆ ಹೊಸ ವೈರಿಂಗ್

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಫ್ಲ್ಯಾಟಿನಲ್ಲಿ ಕೈ ಎತ್ತಿದರೆ ಬೀಮ್ ಸಿಗುತ್ತದೆ. ಸ್ಲ್ಯಾಬೇ 8 ಅಡಿ 4 ಇಂಚು. ಊರಿಂದ ಬಂದ ಮಾವ ಒಮ್ಮೆ ಬನಿಯನ್ ತೊಡುವಾಗ ಫ್ಯಾನಿಗೆ ಕೈ ಕೊಟ್ಟು, ಆಮೇಲೆ ಇದ್ದಷ್ಟು ದಿನ ಬಾತ್‌ರೂಮಿನಲ್ಲೇ ಬಟ್ಟೆ ಹಾಕಿಕೊಳ್ಳುತ್ತಿದ್ದರು.

ಹಳೇ ವೈರಿಂಗ್ ಮರದ ಪಟ್ಟಿಯದು. ಅಲ್ಯೂಮಿನಿಯಂ ವೈರು, ಪಿಂಗಾಣಿ ಫ್ಯೂಸು. ಸಾಕೆಟಿಗೆ ಮೂರು ತೂತೇನೋ ಇತ್ತು, ಬಿಚ್ಚಿ ನೋಡಿದರೆ ಮೇಲಿನ ತೂತಿನ ಹಿಂದೆ ವೈರೇ ಇಲ್ಲ! ಅರ್ತಿಂಗ್ ಇದೆ ಅಂತ ಇಷ್ಟು ವರ್ಷ ನಂಬಿಕೊಂಡು ಫ್ರಿಜ್ ಓಡಿಸಿದ್ದೆವು.

ನಾನು ಐಟಿಐ ಮಾಡಿ ಹೋಟೆಲ್ ಮೆಂಟೆನೆನ್ಸಿನಲ್ಲಿ ಇರುವವನು, ಹಾಗಾಗಿ ಭಾವನನ್ನು ಕರೆದುಕೊಂಡು ನಾನೇ ಕೈ ಹಾಕಿದೆ. ಮೊದಲು ವಿಚಾರಿಸಿದ ಕಾಂಟ್ರಾಕ್ಟರ್ ಸ್ಲ್ಯಾಬಿಗೇ ಕಟರ್ ಹಾಕಿ ಪೈಪ್ ಕೂರಿಸೋಣ ಅಂದಿದ್ದರು. ಬೇಡವೇ ಬೇಡ ಅಂದೆ. ಬಾತ್‌ರೂಮಿನ ಸೂರಿನಲ್ಲಿ ಆಗಲೇ ತುಕ್ಕು ಹಿಡಿದ ಸರಳು ಇಣುಕುತ್ತಿದೆ, ಇನ್ನು ಕೊರೆದರೆ ಮುಗೀತು. ಫಾಲ್ಸ್ ಸೀಲಿಂಗ್ ಮಾಡಿದರೆ ಇನ್ನೂ ಅರ್ಧ ಅಡಿ ಹೋಗುತ್ತದೆ.

ಅದಕ್ಕೇ ಎಲ್ಲವನ್ನೂ ಕೆಳಗೆ ತಂದೆ. ಪಿವಿಸಿ ಕೇಸಿಂಗ್ ಪಟ್ಟಿಯನ್ನು ನೆಲದಿಂದ ಒಂದು ಗೇಣು ಮೇಲೆ ಓಡಿಸಿದೆ, ಇನ್ನೂ ಕೆಳಗಿಟ್ಟರೆ ನೆಲ ಒರೆಸುವ ನೀರು ಒಳಗೆ ಹೋಗುತ್ತದೆ. ಟ್ಯೂಬ್‌ಲೈಟೆಲ್ಲ ಗೋಡೆಗೆ. ಸೂರಿನ ಮೇಲೆ ಹೋಗಿದ್ದು ಫ್ಯಾನಿನ ವೈರು ಮಾತ್ರ, ಅದೂ ಬೀಮಿನ ಅಂಚು ಹಿಡಿದು. ಫ್ಯಾನಿಗೆ ಗಿಡ್ಡ ರಾಡು ಹಾಕಿದೆ. ಸೂರಿಗೆ ಹತ್ತಿರವಾದ್ದರಿಂದ ಗಾಳಿ ಸ್ವಲ್ಪ ಕಮ್ಮಿ, ಆದರೆ ಬೆರಳು ಉಳಿಯಿತಲ್ವಾ.

ಲೈಟು-ಫ್ಯಾನಿಗೆ 1.5 ಚದರ ಮಿ.ಮೀ. ದಪ್ಪದ ತಾಮ್ರದ ವೈರು, ಪ್ಲಗ್ಗಿಗೆ 2.5, ಗೀಸರಿಗೂ ಎಸಿಗೂ ಬೇರೆಬೇರೆ 4ರ ವೈರು. ಲೋಡ್ ಮೀರಿದರೆ ತಾನೇ ಬೀಳುವ ಸ್ವಿಚ್ಚು, ಅಂದರೆ ಎಂಸಿಬಿ, ಕ್ರಮವಾಗಿ 6, 16, 20 ಆಂಪಿಯರ್. ಮೀಟರ್ ಕೋಣೆಯಿಂದ ಅರ್ತಿಂಗಿನ ಹಸಿರು ವೈರು ಮೂರನೇ ಮಹಡಿಗೆ ತರುವುದರಲ್ಲೇ ಒಂದು ಭಾನುವಾರ ಹೋಯಿತು. ಎಲ್ಲದರ ಮುಂದೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಕೂರಿಸಿದೆ, ಕರೆಂಟ್ ಅಷ್ಟು ಸೋರಿದರೆ ಸಪ್ಲೈ ಕಡಿಯುವ ಸ್ವಿಚ್ಚು ಅದು.

ತಲೆ ಕೆಡಿಸಿದ್ದು ಅದೇ. ಗೀಸರ್ ಹಾಕಿದರೆ ಸಾಕು, ಟಪ್ ಅಂತ ಬೀಳುತ್ತಿತ್ತು. "ಗೀಸರ್ ಹೋಗಿದೆ ಮಾರಾಯ, ಹೊಸದು ತಾ" ಅಂತ ಭಾವ. ತೆಗೆದುಕೊಂಡು ಹೋಗಿ ಹೋಟೆಲಿನಲ್ಲಿ ಮೆಗ್ಗರ್ (ಇನ್ಸುಲೇಶನ್ ಪರೀಕ್ಷಿಸುವ ಮೀಟರು) ಹಾಕಿ ನೋಡಿದೆ, ಗೀಸರಿನಲ್ಲಿ ಏನೂ ದೋಷವಿಲ್ಲ. ಮನೆಗೆ ಬಂದು ಬೇರೆ ಎಂಸಿಬಿಗಳನ್ನೆಲ್ಲ ಇಳಿಸಿ ಗೀಸರ್ ಒಂದನ್ನೇ ಹಾಕಿದೆ. ಮತ್ತೆ ಟಪ್.

ಆಗ ಹೊಳೆಯಿತು. ನಾವು ಹಾಕಿದ ಎಂಸಿಬಿ ಕಡಿಯುವುದು ಕರೆಂಟ್ ತರುವ ಕೆಂಪು ವೈರನ್ನು ಮಾತ್ರ, ಕರೆಂಟ್ ಹಿಂದಿರುಗುವ ಕಪ್ಪು ವೈರು (ನ್ಯೂಟ್ರಲ್) ಎಲ್ಲ ಕೋಣೆಗಳದ್ದೂ ಎಂಸಿಬಿ ಡಬ್ಬಿಯೊಳಗೆ ಒಂದೇ ಪಟ್ಟಿಯಲ್ಲಿ ಕೂಡಿಯೇ ಇರುತ್ತದೆ. ಎಲ್ಲಾದರೂ ಒಂದು ಕಡೆ ಕಪ್ಪು, ಹಸಿರಿಗೆ ತಾಗಿದ್ದರೆ ಗೀಸರಿನ 8–9 ಆಂಪಿಯರ್ ಹಿಂದಿರುಗುವಾಗ ಒಂದಿಷ್ಟು ಹಸಿರಿನ ದಾರಿ ಹಿಡಿಯುತ್ತದೆ, ಹೋದದ್ದಕ್ಕೂ ಬಂದದ್ದಕ್ಕೂ ಲೆಕ್ಕ ತಾಳೆಯಾಗದೆ ಆರ್‌ಸಿಸಿಬಿ ಬೀಳುತ್ತದೆ. ಫ್ಯಾನಿನಂಥ ಸಣ್ಣ ಲೋಡಿಗೆ ಆ ಸೋರಿಕೆ ಗೊತ್ತೇ ಆಗುವುದಿಲ್ಲ.

ಮೇನ್ ಇಳಿಸಿ, ಒಂದೊಂದೇ ಕಪ್ಪು ವೈರು ಬಿಚ್ಚಿ, ಮತ್ತೆ ಗೀಸರ್ ಹಾಕಿ ನೋಡುತ್ತಾ ಹೋದೆ. ಬೆಡ್‌ರೂಮಿನದು ಬಿಚ್ಚಿದಾಗ ಬೀಳುವುದು ನಿಂತಿತು. ಅಲ್ಲಿನ ಕೇಸಿಂಗ್ ಪಟ್ಟಿಯ ಉದ್ದಕ್ಕೂ ಬೆರಳಾಡಿಸಿದರೆ, ಕಪಾಟಿನ ಹಿಂದಿನ ಮೂಲೆಯಲ್ಲಿ ಮುಚ್ಚಳದ ಮೇಲೆ ಒಂದು ಸ್ಕ್ರೂ. ಮುಚ್ಚಳ ಸಡಿಲ ಅಂತ ಭಾವ ಸುಮ್ನೆ ಬಿಗಿದದ್ದು. ಕಪ್ಪು, ಹಸಿರು ಎರಡನ್ನೂ ಮೀನಿನ ಗಾಳದ ಹಾಗೆ ಚುಚ್ಚಿಕೊಂಡು ಕೂತಿತ್ತು.

ಆ ಎರಡೂ ವೈರನ್ನು ನಡುವೆ ಜಾಯಿಂಟ್ ಹಾಕದೆ ಉದ್ದಕ್ಕೂ ಹೊಸದಾಗಿ ಎಳೆದೆ. ಲೈಸೆನ್ಸ್ ಇರುವ ವೈರ್‌ಮನ್ ಬಂದು ಪರೀಕ್ಷೆ ಮಾಡಿ ಬರೆದುಕೊಟ್ಟರು. ಭಾವ ಅವತ್ತು ಸ್ಕ್ರೂಡ್ರೈವರ್ ಮುಟ್ಟಲಿಲ್ಲ, ಚಹಾ ಮಾಡಿದ.